ಮನೆಯ ಕಚೇರಿಗೆ ಸದ್ದಿಲ್ಲದ, ತಂಪಾದ ಲ್ಯಾಪ್‌ಟಾಪ್: ಆಯ್ಕೆಯ ಕ್ರಮ ಮತ್ತು ಲೆಕ್ಕಾಚಾರ

ವ್ಯಾಪಾರಸ್ಥರ ಲೆಕ್ಕಪತ್ರದ ಕೆಲಸವು ಅಂಗಡಿಯ ಗಾದಿಯಿಂದ ಮನೆಯ ಮೇಜಿಗೆ ಬಂದು ಬಹಳ ಕಾಲವೇನೂ ಆಗಿಲ್ಲ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ಸಣ್ಣ ವ್ಯಾಪಾರಸ್ಥನೂ ನಿಗದಿತ ದಿನಾಂಕಗಳಿಗೆ ಬದ್ಧನಾದನು. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರಿಗೆ 11 ಮತ್ತು 20ನೆಯ ತಾರೀಖು, ತ್ರೈಮಾಸಿಕ ಪದ್ಧತಿಯನ್ನು ಆರಿಸಿಕೊಂಡ ಕರ್ನಾಟಕದ ವ್ಯಾಪಾರಸ್ಥರಿಗೆ ತ್ರೈಮಾಸಿಕದ ಮರುತಿಂಗಳ 13 ಮತ್ತು 22ನೆಯ ತಾರೀಖು. ಹಗಲಿಡೀ ಗಿರಾಕಿಗಳೊಡನೆ ವ್ಯವಹರಿಸುವವನಿಗೆ ಈ ಕೆಲಸಕ್ಕೆ ದೊರೆಯುವ ಹೊತ್ತು ರಾತ್ರಿಯ ಊಟದ ನಂತರದ್ದೇ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳ ನಮ್ಮ ಬಾಂಧವರಲ್ಲಿ ಇಂಥವರು ಅನೇಕರಿದ್ದಾರೆ. ಉಳವಿಯನ್ನೇ ತೆಗೆದುಕೊಳ್ಳೋಣ. ಚೆನ್ನಬಸವಣ್ಣನವರ ಸಮಾಧಿ ಇರುವ ಈ ಕ್ಷೇತ್ರದಲ್ಲಿ ವರ್ಷದ ವಹಿವಾಟಿನ ದೊಡ್ಡ ಪಾಲು ಭರತ ಹುಣ್ಣಿಮೆಯ ಜಾತ್ರೆಯ ಸುತ್ತಮುತ್ತಲಿನ ದಿನಗಳಲ್ಲಿಯೇ ನಡೆಯುತ್ತದೆ. ಧಾರವಾಡ, ಬೆಳಗಾವಿ ಸೀಮೆಯಿಂದ ಚಕ್ಕಡಿ ಹೂಡಿಕೊಂಡು ಬರುವ ಭಕ್ತರಿಗೆ ಕಾಯಿ-ಕರ್ಪೂರ, ವಿಭೂತಿ, ಕಿರಾಣಿ ಮಾರಿದ ಲೆಕ್ಕವನ್ನು ಅದೇ ರಾತ್ರಿ ಬರೆದಿಡಬೇಕು. ಹಿಂದೆಯೇ ಮಾರ್ಚ್ ಅಂತ್ಯದ ಲೆಕ್ಕ ಮುಕ್ತಾಯ ಎದುರಾಗುತ್ತದೆ. ಮನೆ ಚಿಕ್ಕದು, ಅದೇ ಕೋಣೆಯಲ್ಲಿ ವಯಸ್ಸಾದವರು ಮಲಗಿರುತ್ತಾರೆ, ಇಲ್ಲವೇ ಮಕ್ಕಳು ಪರೀಕ್ಷೆಗೆ ಓದುತ್ತಿರುತ್ತಾರೆ. ಸುತ್ತ ಕಾಡು, ಇರುಳಿನ ನಿಶ್ಶಬ್ದದಲ್ಲಿ ಯಂತ್ರದ ಫ್ಯಾನಿನ ಭೋರ್ಗರೆತ ಇಡೀ ಮನೆಗೆ ಕೇಳಿಸುತ್ತದೆ.

ಇಂಥ ಬಳಕೆಗೆ ಯಾವ ಬಗೆಯ ಲ್ಯಾಪ್‌ಟಾಪ್ ಸೂಕ್ತ, ಅದನ್ನು ಗುರುತಿಸುವ ಕ್ರಮವೇನು, ಖರೀದಿಯ ತೆರಿಗೆ ಲೆಕ್ಕ ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

1. ಶಾಖ, ಸದ್ದು, ಬ್ಯಾಟರಿ: ಮೂರಕ್ಕೂ ಮೂಲ ಒಂದೇ

ಲ್ಯಾಪ್‌ಟಾಪ್ ಸೇವಿಸುವ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. 10 ವ್ಯಾಟ್ ಸೇವಿಸುವ ಯಂತ್ರ 10 ವ್ಯಾಟಿನಷ್ಟು ಶಾಖವನ್ನೂ, 40 ವ್ಯಾಟ್ ಸೇವಿಸುವ ಯಂತ್ರ ಅದರ ನಾಲ್ಕರಷ್ಟನ್ನೂ ಹೊರಗೆಡಹಬೇಕು. ಒಳಗಿನ ಶಾಖವನ್ನು ಹೊರದೂಡಲು ಫ್ಯಾನ್ ತಿರುಗುತ್ತದೆ. ಶಾಖ ಹೆಚ್ಚಿದಷ್ಟೂ ಫ್ಯಾನಿನ ವೇಗ ಹೆಚ್ಚಿ, ಸದ್ದೂ ಹೆಚ್ಚುತ್ತದೆ. ಅದೇ ವಿದ್ಯುತ್ತು ಬ್ಯಾಟರಿಯಿಂದ ಬರುವುದರಿಂದ ಬ್ಯಾಟರಿಯೂ ಅಷ್ಟೇ ಬೇಗ ಬರಿದಾಗುತ್ತದೆ. ಆದ್ದರಿಂದ ತಂಪು, ಮೌನ, ದೀರ್ಘ ಬ್ಯಾಟರಿ ಎಂಬವು ಮೂರು ಪ್ರತ್ಯೇಕ ಗುಣಗಳೆಂದು ಭಾವಿಸಿ ಹುಡುಕಬೇಕಾಗಿಲ್ಲ. ಕಡಿಮೆ ವ್ಯಾಟಿನ ಯಂತ್ರವನ್ನು ಆರಿಸಿದರೆ ಮೂರೂ ಜೊತೆಯಾಗಿಯೇ ದೊರೆಯುತ್ತವೆ.

ಸದ್ದನ್ನು ಅಳೆಯುವ ಮಾನಕ್ಕೆ ಡೆಸಿಬೆಲ್ ಎಂದು ಹೆಸರು. 10 ಡೆಸಿಬೆಲ್ ಏರಿದರೆ ಕಿವಿಗೆ ಸದ್ದು ಸುಮಾರು ಇಮ್ಮಡಿಯಾದಂತೆ ಕೇಳಿಸುತ್ತದೆ. ಶಾಂತವಾದ ಮಲಗುವ ಕೋಣೆಯ ಮಟ್ಟ ಸುಮಾರು 30 ಡೆಸಿಬೆಲ್. ಪೂರ್ಣ ವೇಗದಲ್ಲಿ ತಿರುಗುವ ಲ್ಯಾಪ್‌ಟಾಪ್ ಫ್ಯಾನಿನದು 40ಕ್ಕೂ ಮೇಲೆ. ಪೇಟೆಯ ಗದ್ದಲದಲ್ಲಿ ಗಮನಕ್ಕೇ ಬಾರದ ಸದ್ದು ಮನೆಯಲ್ಲಿ ತೊಂದರೆ ಕೊಡುವುದು ಈ ಕಾರಣದಿಂದ.

2. ನಮ್ಮ ಕೆಲಸಕ್ಕೆ ಬೇಕಾದ ಶಕ್ತಿ ಎಷ್ಟು?

ಖರೀದಿಗೆ ಮೊದಲು ಕೆಲಸದ ಪಟ್ಟಿಯನ್ನು ಬರೆದುಕೊಳ್ಳುವುದು ಒಳ್ಳೆಯದು. ಟ್ಯಾಲಿಯಂಥ ತಂತ್ರಾಂಶದಲ್ಲಿ ಖರೀದಿ-ಮಾರಾಟದ ನಮೂದು, ಎಕ್ಸೆಲ್ ತಖ್ತೆಗಳು, ತೆರಿಗೆ ಜಾಲತಾಣಗಳು, ಬ್ಯಾಂಕ್ ವ್ಯವಹಾರ, ಪತ್ರವ್ಯವಹಾರ, ಆಗಾಗ ವೀಡಿಯೊ ಸಭೆ. ಇವುಗಳಲ್ಲಿ ಯಾವುದೂ ಭಾರವಾದ ಕೆಲಸವಲ್ಲ. ಒಂದು ನಮೂದಿಗೂ ಇನ್ನೊಂದಕ್ಕೂ ನಡುವೆ ನಾವು ಬಿಲ್ಲನ್ನು ಓದುವಷ್ಟು ಹೊತ್ತು ಯಂತ್ರ ಬಹುಮಟ್ಟಿಗೆ ಸುಮ್ಮನೆಯೇ ಇರುತ್ತದೆ. ಚಲನಚಿತ್ರ ಸಂಕಲನಕ್ಕೋ ಆಟಗಳಿಗೋ ತಯಾರಾದ ಯಂತ್ರವನ್ನು ಇದಕ್ಕೆ ಕೊಳ್ಳುವುದು, ಸೈಕಲ್ಲಿನಲ್ಲಿ ಒಯ್ಯಬಹುದಾದ ಒಂದು ಚೀಲ ಅಕ್ಕಿಗೆ ಹಳಿಯಾಳದಿಂದ ಲಾರಿ ಗೊತ್ತುಮಾಡಿದಂತೆ.

3. ಪ್ರೊಸೆಸರಿನ ಹೆಸರಿನಲ್ಲಿರುವ ಅಕ್ಷರ

ಗ್ರಾಹಕರು ಸಾಮಾನ್ಯವಾಗಿ ಐ3, ಐ5, ಐ7 ಎಂಬ ಅಂಕಿಯನ್ನಷ್ಟೇ ನೋಡುತ್ತಾರೆ. ಶಾಖದ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದುದು ಮಾದರಿ ಸಂಖ್ಯೆಯ ಜೊತೆಗಿರುವ ಅಕ್ಷರ. ಇಂಟೆಲ್ ಪ್ರೊಸೆಸರುಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು:

• ಎನ್ ಶ್ರೇಣಿ (ಉದಾ: ಎನ್100, ಎನ್200): ಮೂಲ ವಿದ್ಯುತ್ ಮಟ್ಟ 6 ವ್ಯಾಟ್. ನಮೂದು, ಪತ್ರವ್ಯವಹಾರ, ಜಾಲತಾಣಗಳಿಗೆ ಸಾಕು; ಏಕಕಾಲಕ್ಕೆ ಹಲವು ಕೆಲಸ ಹೇರಿದರೆ ನಿಧಾನವಾಗುತ್ತದೆ.

• ಯು ಶ್ರೇಣಿ (ಉದಾ: ಐ3-1215ಯು): 15 ವ್ಯಾಟ್. ಸಾಮಾನ್ಯ ವ್ಯಾಪಾರಸ್ಥನ ಮನೆಯ ಕಚೇರಿಗೆ ಅತ್ಯಂತ ಹೊಂದುವ ವರ್ಗ.

• ವಿ ಶ್ರೇಣಿ (2024ರಲ್ಲಿ ಬಂದ ಕೋರ್ ಅಲ್ಟ್ರಾ 200ವಿ ಮಾದರಿಗಳು): 17 ವ್ಯಾಟ್. ಬ್ಯಾಟರಿ ದೀರ್ಘಕಾಲ ಬಾಳುತ್ತದೆ; ಬೆಲೆ ಹೆಚ್ಚು.

• ಎಚ್ ಶ್ರೇಣಿ (ಉದಾ: ಐ5-12450ಎಚ್): 45 ವ್ಯಾಟ್. ಭಾರವಾದ ಕೆಲಸಕ್ಕೆ ಯೋಗ್ಯ. ನಮ್ಮ ಕೆಲಸಕ್ಕೆ ಅನಗತ್ಯ.

ಎಎಂಡಿ ಕಂಪನಿಯ ರೈಜನ್ ಪ್ರೊಸೆಸರುಗಳಲ್ಲಿಯೂ ಯು ಅಕ್ಷರ ಕಡಿಮೆ ವಿದ್ಯುತ್ತಿನ ಮಾದರಿಯನ್ನೂ, ಎಚ್ ಅಕ್ಷರ ಹೆಚ್ಚಿನದನ್ನೂ ಸೂಚಿಸುತ್ತವೆ. ಮೇಲಿನ ಅಂಕಿಗಳು ಮೂಲ ಮಟ್ಟಗಳು ಮಾತ್ರ. ಕೆಲಸದ ಒತ್ತಡ ಬಿದ್ದಾಗ ಎಲ್ಲ ಪ್ರೊಸೆಸರುಗಳೂ ಸ್ವಲ್ಪ ಕಾಲ ಈ ಮಟ್ಟವನ್ನು ಮೀರುತ್ತವೆ. ಯು ಶ್ರೇಣಿಯ ಯಂತ್ರದ ಫ್ಯಾನ್ ಕೂಡ ಆರಂಭದ ಕೆಲ ನಿಮಿಷ ಸದ್ದು ಮಾಡಬಹುದು. ಆಮೇಲೆ ಅದು ತಣ್ಣಗಾಗುತ್ತದೆಯೇ ಎಂಬುದನ್ನು ಗಮನಿಸಬೇಕು.

ಎಚ್ ಶ್ರೇಣಿಯ ಐ5 ಯಂತ್ರ ಹಲವೊಮ್ಮೆ ಯು ಶ್ರೇಣಿಯದರ ಬೆಲೆಗೇ ದೊರೆಯುತ್ತದೆ. ಅದೇ ಹಣಕ್ಕೆ ಹೆಚ್ಚು ವೇಗ ಎಂಬುದು ಮಾರಾಟಗಾರರ ವಾದ. ಅದು ಸುಳ್ಳಲ್ಲ. ಆದರೆ ತೆಳ್ಳನೆಯ ಕವಚದೊಳಗೆ ಆ ಪ್ರೊಸೆಸರನ್ನು ತಣಿಸಲು ಸಣ್ಣ ಫ್ಯಾನ್ ಬಹಳ ವೇಗವಾಗಿ ತಿರುಗಬೇಕಾಗುತ್ತದೆ. ಬಳಸದ ವೇಗಕ್ಕಾಗಿ ನಾವು ಶಾಖ, ಸದ್ದುಗಳ ರೂಪದಲ್ಲಿ ಬೆಲೆ ತೆರುತ್ತೇವೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರಕ್ಕೂ ಈ ಮಾತು ಅನ್ವಯಿಸುತ್ತದೆ.

ಅಕ್ಷರಗಳು ಗೊಂದಲವೆನಿಸಿದರೆ ಯಂತ್ರದೊಡನೆ ಬರುವ ಅಡಾಪ್ಟರಿನ ಹಿಂದಿನ ಚೀಟಿಯನ್ನು ಓದಬಹುದು. ಹಗುರ ಕೆಲಸದ ಯಂತ್ರಗಳಿಗೆ ಸಾಮಾನ್ಯವಾಗಿ 45 ಅಥವಾ 65 ವ್ಯಾಟಿನ ಅಡಾಪ್ಟರ್ ಇರುತ್ತದೆ. 120 ವ್ಯಾಟ್ ಮೀರಿದ್ದರೆ ಅದು ನಮ್ಮ ಯಂತ್ರವಲ್ಲವೆಂದು ತಿಳಿಯಬೇಕು.

4. ಫ್ಯಾನೇ ಇಲ್ಲದ ಯಂತ್ರಗಳು

ಫ್ಯಾನ್ ಇಲ್ಲದ ಲ್ಯಾಪ್‌ಟಾಪುಗಳೂ ಇವೆ. 2020ರ ನವೆಂಬರಿನಿಂದ ಬಂದ ಎಂ ಸರಣಿಯ ಆ್ಯಪಲ್ ಮ್ಯಾಕ್‌ಬುಕ್ ಏರ್ ಯಂತ್ರಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಎನ್ ಶ್ರೇಣಿಯ ಕೆಲವು ಅಗ್ಗದ ಯಂತ್ರಗಳಲ್ಲಿಯೂ ಫ್ಯಾನಿರುವುದಿಲ್ಲ. ಇವು ಸಂಪೂರ್ಣ ನಿಶ್ಶಬ್ದ. ನಮ್ಮ ಭಾಗಕ್ಕೆ ಇನ್ನೊಂದು ಅನುಕೂಲವೂ ಇದೆ. ಅಕ್ಕಿ ಗಿರಣಿ, ಕಟ್ಟಿಗೆ ಕೊಯ್ಯುವ ಸಾ ಮಿಲ್ಲುಗಳ ಹತ್ತಿರ ವಾಸಿಸುವವರ ಮನೆಯ ಗಾಳಿಯಲ್ಲಿ ತೌಡು, ಹೊಟ್ಟುಪುಡಿಯ ಧೂಳು ಇದ್ದೇ ಇರುತ್ತದೆ. ಫ್ಯಾನ್ ಇರುವ ಯಂತ್ರ ಆ ಧೂಳನ್ನು ಒಳಗೆಳೆದುಕೊಂಡು ಶಾಖ ಹೊರಹೋಗುವ ರೆಕ್ಕೆಗಳನ್ನು ಕಟ್ಟಿಹಾಕುತ್ತದೆ. ಫ್ಯಾನಿಲ್ಲದ ಯಂತ್ರಕ್ಕೆ ಈ ಬಾಧೆ ಇಲ್ಲ.

ಆದರೆ ಎರಡು ಎಚ್ಚರಿಕೆಗಳು ಅಗತ್ಯ. ಒಂದು, ಮುಂಡಗೋಡ, ಹಳಿಯಾಳ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಫ್ಯಾನಿಲ್ಲದ ಯಂತ್ರ ತಾನಾಗಿಯೇ ವೇಗ ತಗ್ಗಿಸಿಕೊಂಡು ತನ್ನನ್ನು ಕಾಪಾಡಿಕೊಳ್ಳುತ್ತದೆ. ಆಗ ಕೆಲಸ ನಿಧಾನವಾಗುತ್ತದೆ. ಎರಡು, ತಂತ್ರಾಂಶಗಳ ಹೊಂದಾಣಿಕೆ. ಟ್ಯಾಲಿ ವಿಂಡೋಸ್‌ಗಾಗಿ ರಚಿತವಾದ ತಂತ್ರಾಂಶವಾದುದರಿಂದ ಮ್ಯಾಕ್ ಯಂತ್ರದಲ್ಲಿ ನೇರವಾಗಿ ನಡೆಯದು. ಸ್ನ್ಯಾಪ್‌ಡ್ರ್ಯಾಗನ್ ಪ್ರೊಸೆಸರಿನ ವಿಂಡೋಸ್ ಯಂತ್ರಗಳು ತಂಪಾಗಿರುತ್ತವೆ; ಆದರೆ ಅವುಗಳ ಒಳರಚನೆ ಬೇರೆ. ಡಿಜಿಟಲ್ ಸಹಿಯ ಟೋಕನ್, ಹಳೆಯ ಬಿಲ್ ಪ್ರಿಂಟರ್ ಇವುಗಳ ಚಾಲಕ ತಂತ್ರಾಂಶ ಅಲ್ಲಿ ನಡೆಯುತ್ತದೆಯೇ ಎಂದು ಕಣ್ಣಾರೆ ನೋಡದೆ ಕೊಳ್ಳಬಾರದು. ಕಂಪನಿ ಹಾಗೂ ಎಲ್‌ಎಲ್‌ಪಿಗಳು ಜಿಎಸ್‌ಟಿ ರಿಟರ್ನ್‌ಗೆ ಡಿಜಿಟಲ್ ಸಹಿಯನ್ನೇ ಬಳಸಬೇಕಾದುದರಿಂದ ಅವರಿಗೆ ಈ ಎಚ್ಚರಿಕೆ ಇನ್ನೂ ಮುಖ್ಯ.

5. ಇತರ ಅಂಗಗಳು

ಮೆಮೊರಿ 8 ಜಿಬಿಗೆ ಕಡಿಮೆ ಇರಬಾರದು. ಮುಂದೆ ಹೆಚ್ಚಿಸಲು ಬರದ ಮಾದರಿಯಾದರೆ 16 ಜಿಬಿ ಇರುವುದನ್ನೇ ಕೊಳ್ಳುವುದು ಲೇಸು. ಸಂಗ್ರಹಕ್ಕೆ ತಿರುಗುವ ಹಾರ್ಡ್ ಡಿಸ್ಕ್ ಬೇಡ. ಅದು ಸದ್ದು ಮಾಡುತ್ತದೆ, ಏಟು ತಗುಲಿದರೆ ಹಾಳಾಗುತ್ತದೆ. 256 ಅಥವಾ 512 ಜಿಬಿಯ ಎಸ್‌ಎಸ್‌ಡಿ ಸಾಕು.

ಹಳೆಯ ಯಂತ್ರ ಕೊಳ್ಳುವವರು ಒಂದು ದಿನಾಂಕವನ್ನು ನೆನಪಿಡಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ನಡೆಯಬೇಕಾದರೆ ಇಂಟೆಲ್ ಪ್ರೊಸೆಸರ್ ಸ್ಥೂಲವಾಗಿ 8ನೆಯ ಪೀಳಿಗೆ ಅಥವಾ ಅದಕ್ಕೂ ಈಚಿನದಾಗಿರಬೇಕು. ಬ್ಯಾಂಕು, ತೆರಿಗೆ ವ್ಯವಹಾರ ನಡೆಸುವ ಯಂತ್ರದಲ್ಲಿ ಭದ್ರತೆಯ ಪರಿಷ್ಕರಣೆಗಳು ಬಾರದಿರುವುದು ತಿಜೋರಿಗೆ ಬೀಗವಿಲ್ಲದಂತೆ. ಹಳೆಯ ಯಂತ್ರ ಕೊಂಡ ಕೂಡಲೇ ಒಳಗಿನ ಧೂಳು ತೆಗೆಸಿ, ಪ್ರೊಸೆಸರಿನ ಮೇಲಿನ ಒಣಗಿದ ಶಾಖವಾಹಕ ಲೇಪವನ್ನು ಬದಲಿಸಿದರೆ ಶಾಖ, ಸದ್ದು ಎರಡೂ ತಗ್ಗುತ್ತವೆ.

6. ವಿದ್ಯುತ್ತಿನ ನಿಜವಾದ ಲೆಕ್ಕ

ಕಡಿಮೆ ವ್ಯಾಟಿನ ಯಂತ್ರದಿಂದ ವಿದ್ಯುತ್ ಬಿಲ್ಲು ಬಹಳ ಇಳಿಯುತ್ತದೆಂದು ಹೇಳುವುದುಂಟು. ಲೆಕ್ಕ ಹಾಕಿ ನೋಡೋಣ. ಎರಡು ಲ್ಯಾಪ್‌ಟಾಪುಗಳ ನಡುವೆ 20 ವ್ಯಾಟ್ ವ್ಯತ್ಯಾಸವಿದೆ, ದಿನಕ್ಕೆ 4 ಗಂಟೆಯಂತೆ ವರ್ಷಕ್ಕೆ 300 ದಿನ ಬಳಕೆ ಎಂದು ಹಿಡಿದರೆ ಉಳಿಯುವುದು 24 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಎಂದುಕೊಂಡರೆ 144 ರೂಪಾಯಿ. 100 ವ್ಯಾಟ್ ಸೇವಿಸುವ ಡೆಸ್ಕ್‌ಟಾಪಿಗೆ ಬದಲಾಗಿ 15 ವ್ಯಾಟಿನ ಲ್ಯಾಪ್‌ಟಾಪ್ ಬಳಸಿದರೂ ಉಳಿತಾಯ 102 ಯೂನಿಟ್, ಅಂದರೆ 612 ರೂಪಾಯಿ. ಇದೊಂದನ್ನೇ ನೋಡಿ ನಿರ್ಣಯ ಕೈಗೊಳ್ಳುವಂತಿಲ್ಲ.

ನಿಜವಾದ ಲಾಭ ವಿದ್ಯುತ್ ಇಲ್ಲದ ಹೊತ್ತಿನಲ್ಲಿದೆ. ಕಾಳಿ ನದಿಗೆ 1987ರಲ್ಲಿ ಪೂರ್ಣಗೊಂಡ ಸೂಪಾ ಅಣೆಕಟ್ಟು, ಕೆಳಗಿನ ನಾಗಝರಿ ವಿದ್ಯುದಾಗಾರ ಇವೆಲ್ಲ ನಮ್ಮ ಸೀಮೆಯವೇ. ಹಾಗಿದ್ದರೂ ಮಳೆಗಾಲದಲ್ಲಿ ದಟ್ಟ ಕಾಡಿನ ನಡುವೆ ಹಾಯುವ ತಂತಿಗಳ ಮೇಲೆ ಮರ ಉರುಳಿದರೆ ಹಳ್ಳಿಗೆ ವಿದ್ಯುತ್ ಮರಳಲು ಹೊತ್ತು ಹಿಡಿಯುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿ 50 ವ್ಯಾಟ್-ಅವರ್ ಎಂದಿಟ್ಟುಕೊಳ್ಳಿ. 8 ವ್ಯಾಟ್ ಸೇವಿಸುವ ಯಂತ್ರ ಅದರಲ್ಲಿ 6 ಗಂಟೆ ನಡೆಯುತ್ತದೆ. 25 ವ್ಯಾಟ್ ಸೇವಿಸುವುದು 2 ಗಂಟೆಗೇ ನಿಲ್ಲುತ್ತದೆ.

ಇನ್ವರ್ಟರಿನ ಲೆಕ್ಕವೂ ಹೀಗೆಯೇ. 12 ವೋಲ್ಟಿನ, 150 ಆಂಪಿಯರ್-ಅವರ್ ಬ್ಯಾಟರಿಯ ಸಾಮರ್ಥ್ಯ 1,800 ವ್ಯಾಟ್-ಅವರ್. ನಷ್ಟ ಕಳೆದು ಮೂರರಲ್ಲಿ ಎರಡು ಪಾಲು, ಅಂದರೆ 1,200, ಕೈಗೆ ಸಿಗುತ್ತದೆ ಎನ್ನೋಣ. ದೀಪ ಹಾಗೂ ಪಂಖಗಳಿಗೆ 100 ವ್ಯಾಟ್ ಬೇಕಾಗಿ, ಜೊತೆಗೆ 100 ವ್ಯಾಟಿನ ಡೆಸ್ಕ್‌ಟಾಪ್ ಇದ್ದರೆ 6 ಗಂಟೆ; 15 ವ್ಯಾಟಿನ ಲ್ಯಾಪ್‌ಟಾಪ್ ಇದ್ದರೆ 10 ಗಂಟೆಗೂ ಮಿಕ್ಕಿ ನಡೆಯುತ್ತದೆ. ಈ ನಾಲ್ಕು ಗಂಟೆಗಳ ಬೆಲೆ ತಿಳಿಯುವುದು 20ನೆಯ ತಾರೀಖಿನ ರಾತ್ರಿ. ತೆರಿಗೆ ಬಾಕಿಯಿರುವ ಜಿಎಸ್‌ಟಿಆರ್-3ಬಿ ತಡವಾದರೆ ನಿಗದಿತ ಗರಿಷ್ಠ ಮಿತಿಗೆ ಒಳಪಟ್ಟು ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ತಡವಾಗಿ ಕಟ್ಟಿದ ತೆರಿಗೆಯ ಮೇಲೆ ವಾರ್ಷಿಕ ಶೇಕಡಾ 18 ಬಡ್ಡಿ. ಅದಕ್ಕೂ ಮಿಗಿಲಾಗಿ, ಮಾರಾಟದ ವಿವರ ಹೊತ್ತಿಗೆ ಸರಿಯಾಗಿ ಸಲ್ಲಿಕೆಯಾಗದಿದ್ದರೆ ನಮ್ಮಿಂದ ಕೊಂಡ ಗಿರಾಕಿಗೆ ತೆರಿಗೆ ಜಮೆ ಆ ತಿಂಗಳು ಕಾಣಿಸದು. ನಮ್ಮ ಮೇಲಿನ ವಿಶ್ವಾಸಕ್ಕೆ ಕುಂದು ಬರುತ್ತದೆ.

7. ಅಂಗಡಿಯಲ್ಲಿ ಪರೀಕ್ಷಿಸುವ ಬಗೆ

ಕರಪತ್ರಗಳಲ್ಲಿ ಸದ್ದಿನ ವಿವರ ಸಿಗುವುದು ಅಪರೂಪ. ಆದ್ದರಿಂದ ಸ್ವತಃ ಪರೀಕ್ಷಿಸುವುದೇ ದಾರಿ.

(ಅ) ಅಂಗಡಿಯ ಗದ್ದಲದಲ್ಲಿ ಕೇಳದಿರುವುದರಿಂದ ಯಂತ್ರವನ್ನು ಒಳಕೋಣೆಗೆ ತರಿಸಿ ನೋಡಿರಿ.

(ಆ) ಬ್ರೌಸರಿನಲ್ಲಿ ಐದಾರು ಪುಟ, ಒಂದು ವೀಡಿಯೊ, ಒಂದು ತಖ್ತೆ ತೆರೆದು 20 ನಿಮಿಷ ಬಿಡಿರಿ. ಮೊದಲ ಐದು ನಿಮಿಷದ ಮೌನವನ್ನು ನಂಬಬೇಡಿರಿ.

(ಇ) ಬಳಿಕ ಕೀಲಿಮಣೆಯ ಮೇಲ್ಭಾಗ, ಅಂಗೈ ಊರುವ ಜಾಗ, ತಳಭಾಗಗಳನ್ನು ಮುಟ್ಟಿ ನೋಡಿರಿ. ತಳದಲ್ಲಿ ಕೈ ಇಡಲಾಗದಷ್ಟು ಬಿಸಿಯಿದ್ದರೆ ಬೇರೆ ಮಾದರಿ ನೋಡುವುದು ಒಳ್ಳೆಯದು.

(ಈ) ಫ್ಯಾನಿನ ಸದ್ದು ಒಂದೇ ಸಮನಾದ ಮೆಲುದನಿಯೋ, ಏರಿಳಿಯುವ ಕೀರಲು ದನಿಯೋ ಎಂದು ಗಮನಿಸಿರಿ. ಎರಡನೆಯದು ಹೆಚ್ಚು ಕಿರಿಕಿರಿ.

(ಉ) ಮನೆಬಾಗಿಲ ಸೇವೆಯ ವಾರಂಟಿ ಎಂದರೆ ಸಾಲದು. ನಮ್ಮ ಊರಿನ ಪಿನ್ ಕೋಡಿಗೆ ಆ ಸೇವೆ ಉಂಟೇ ಎಂದು ಬರಹದಲ್ಲಿ ಪಡೆಯಿರಿ. ಜೋಯಿಡಾದ ಒಳಹಳ್ಳಿಯವರು ದುರಸ್ತಿಗಾಗಿ ಹುಬ್ಬಳ್ಳಿಯವರೆಗೆ ಹೋಗಿಬರುವುದೆಂದರೆ ಒಂದು ದಿನದ ವ್ಯಾಪಾರ ಮುಚ್ಚಿದಂತೆಯೇ.

8. ತೆರಿಗೆ ಮತ್ತು ಸವಕಳಿ

ಲ್ಯಾಪ್‌ಟಾಪಿನ ಮೇಲೆ ಜಿಎಸ್‌ಟಿ ಶೇಕಡಾ 18. 40,000 ರೂಪಾಯಿ ಬೆಲೆಯ ಯಂತ್ರಕ್ಕೆ ತೆರಿಗೆ 7,200 ಸೇರಿ ಬಿಲ್ಲು 47,200. ವ್ಯವಹಾರಕ್ಕಾಗಿ ಬಳಸುವ ನೋಂದಾಯಿತ ವ್ಯಾಪಾರಸ್ಥನು ಬಿಲ್ಲಿನಲ್ಲಿ ತನ್ನ ಜಿಎಸ್‌ಟಿ ಸಂಖ್ಯೆ ಬರೆಸಿದರೆ ಈ 7,200 ಹೂಡುವಳಿ ತೆರಿಗೆ ಜಮೆಯಾಗಿ ದೊರೆಯುತ್ತದೆ. ಅದು ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸಿಕೊಂಡಿರಬೇಕು. ಜಮೆ ಪಡೆದ ತೆರಿಗೆಯ ಮೇಲೆ ಸವಕಳಿ ಕೇಳುವಂತಿಲ್ಲ. ಕಾಂಪೊಸಿಷನ್ ಪದ್ಧತಿಯವರಿಗೆ ಜಮೆ ಇಲ್ಲ. ಅವರಿಗೆ ಪೂರ್ಣ 47,200 ವೆಚ್ಚವೇ.

ಜೋಯಿಡಾ ಭಾಗದವರು ಗೋವಾದಲ್ಲಿ ಖರೀದಿಸುವುದುಂಟು. ಅಲ್ಲಿಯ ಬಿಲ್ಲಿನಲ್ಲಿ ಗೋವಾ ರಾಜ್ಯದ ತೆರಿಗೆ ನಮೂದಾದರೆ ಕರ್ನಾಟಕದ ನೋಂದಣಿಯಲ್ಲಿ ಜಮೆ ಸಿಗದು. ಕರ್ನಾಟಕದ ವಿಳಾಸಕ್ಕೆ ಸರಬರಾಜು ಮಾಡಿಸಿ, ಐಜಿಎಸ್‌ಟಿ ಬಿಲ್ಲನ್ನೇ ಪಡೆಯಬೇಕು.

ಆದಾಯ ತೆರಿಗೆಯಲ್ಲಿ ಕಂಪ್ಯೂಟರಿಗೆ ಇಳಿಕೆ ಮೌಲ್ಯದ ಮೇಲೆ ಶೇಕಡಾ 40 ಸವಕಳಿ. 40,000 ರೂಪಾಯಿಯ ಯಂತ್ರದ ಪುಸ್ತಕ ಮೌಲ್ಯ ಮೊದಲ ವರ್ಷಾಂತ್ಯಕ್ಕೆ 24,000, ಎರಡನೆಯದಕ್ಕೆ 14,400, ಮೂರನೆಯದಕ್ಕೆ 8,640. ಖರೀದಿಸಿದ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಕೆಯಾದರೆ ಆ ವರ್ಷ ಶೇಕಡಾ 20 ಮಾತ್ರ. ಫೆಬ್ರವರಿಗೆ 28 ದಿನವಿರುವ ವರ್ಷದಲ್ಲಿ ಅಕ್ಟೋಬರ್ 3ರೊಳಗೆ ಬಳಕೆಗೆ ತಂದರೆ ಪೂರ್ಣ ದರ ದೊರೆಯುತ್ತದೆ. ದೀಪಾವಳಿಯ ರಿಯಾಯಿತಿಗಾಗಿ ಕಾಯುವವರು ಇದನ್ನೂ ತೂಗಿ ನೋಡಬೇಕು. ಅಂದಾಜು ಲಾಭದ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಸವಕಳಿ ಅದರೊಳಗೇ ಅಡಕವಾಗಿದೆ, ಪ್ರತ್ಯೇಕ ಕಡಿತವಿಲ್ಲ.

ಇನ್ನೆರಡು ಸೂಚನೆಗಳು. ಒಂದೇ ದಿನ ಒಬ್ಬ ಮಾರಾಟಗಾರನಿಗೆ 10,000 ರೂಪಾಯಿಗೂ ಹೆಚ್ಚು ನಗದು ಕೊಟ್ಟರೆ ಆ ಮೊತ್ತ ಸವಕಳಿಯ ಲೆಕ್ಕಕ್ಕೆ ಸೇರದು. ಬ್ಯಾಂಕ್ ಮೂಲಕವೇ ಪಾವತಿಸಿರಿ. ಅದೇ ಯಂತ್ರವನ್ನು ಮನೆಯ ಮಕ್ಕಳೂ ಬಳಸುವುದಾದರೆ ಸವಕಳಿ, ತೆರಿಗೆ ಜಮೆ ಎರಡನ್ನೂ ವ್ಯವಹಾರದ ಬಳಕೆಯ ಪ್ರಮಾಣಕ್ಕಷ್ಟೇ ಪಡೆಯತಕ್ಕದ್ದು.

9. ಬಳಕೆಯ ಶಿಸ್ತು

ಒಳ್ಳೆಯ ಯಂತ್ರವೂ ತಪ್ಪು ಬಳಕೆಯಿಂದ ಬಿಸಿಯಾಗುತ್ತದೆ. ಹಾಸಿಗೆ, ದಿಂಬುಗಳ ಮೇಲಿಟ್ಟರೆ ತಳದ ಗಾಳಿಕಿಂಡಿಗಳು ಮುಚ್ಚಿಹೋಗುತ್ತವೆ; ಒಂದು ಸಾಗವಾನಿ ಹಲಗೆಯಾದರೂ ಕೆಳಗಿರಲಿ. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಪವರ್ ವಿಭಾಗಕ್ಕೆ ಹೋಗಿ ಬೆಸ್ಟ್ ಪವರ್ ಎಫಿಶಿಯೆನ್ಸಿ ಎಂಬುದನ್ನು ಆರಿಸಿದರೆ ಹಗುರ ಕೆಲಸದಲ್ಲಿ ಫ್ಯಾನಿನ ಸದ್ದು ಬಹುಮಟ್ಟಿಗೆ ತಗ್ಗುತ್ತದೆ. ಯಂತ್ರದೊಡನೆ ತಾವಾಗಿಯೇ ತೆರೆದುಕೊಳ್ಳುವ ಬೇಡದ ತಂತ್ರಾಂಶಗಳನ್ನು ನಿಲ್ಲಿಸಿರಿ. ಸದಾ ಚಾರ್ಜರಿಗೆ ಜೋಡಿಸಿಯೇ ಬಳಸುವವರು, ಸೌಲಭ್ಯವಿದ್ದಲ್ಲಿ, ಚಾರ್ಜಿನ ಮಿತಿಯನ್ನು ಶೇಕಡಾ 80ಕ್ಕೆ ನಿಲ್ಲಿಸಬೇಕು. ಲಿಥಿಯಂ ಬ್ಯಾಟರಿಗೆ ಶಾಖ ಹಾಗೂ ಪೂರ್ಣ ಚಾರ್ಜ್ ಒಟ್ಟಾಗಿ ಬಂದರೆ ಆಯುಷ್ಯ ಕುಗ್ಗುತ್ತದೆ.

ಜೂನ್‌ನಿಂದ ಸೆಪ್ಟೆಂಬರವರೆಗಿನ ತೇವದಲ್ಲಿ ಯಂತ್ರವನ್ನು ಚೀಲದೊಳಗೆ ಮುಚ್ಚಿಡುವುದು ತಪ್ಪು. ದಿನಕ್ಕೆ ಸ್ವಲ್ಪ ಹೊತ್ತು ಚಾಲನೆ ಮಾಡಿದರೆ ಒಳಗಿನ ಮಂದ ಶಾಖ ತೇವವನ್ನು ಆರಿಸುತ್ತದೆ. ಇಡುವಾಗ ಸಿಲಿಕಾ ಜೆಲ್ ಪೊಟ್ಟಣ ಜೊತೆಗಿರಲಿ. ಗುಡುಗು-ಸಿಡಿಲಿನ ಹೊತ್ತಿನಲ್ಲಿ ಪ್ಲಗ್ ಕಿತ್ತು ಬ್ಯಾಟರಿಯ ಮೇಲೆ ಕೆಲಸ ಮುಂದುವರಿಸಬಹುದು.

ಕೊನೆಯದಾಗಿ, ಯಂತ್ರಕ್ಕಿಂತ ಅದರೊಳಗಿನ ಲೆಕ್ಕ ಮುಖ್ಯ. ಜಿಎಸ್‌ಟಿ ಕಾನೂನಿನಂತೆ ಪುಸ್ತಕಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿಡಬೇಕು. ಅಷ್ಟು ಕಾಲ ಯಾವ ಲ್ಯಾಪ್‌ಟಾಪನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ವಾರಕ್ಕೊಮ್ಮೆ ಹೊರಗಿನ ಡ್ರೈವಿಗೆ ನಕಲು ತೆಗೆದು, ಅದನ್ನು ಬೇರೆ ಜಾಗದಲ್ಲಿಡುವುದು ಅವಶ್ಯ.

ಸಾರಾಂಶ

ನಮ್ಮ ಸದಸ್ಯ ಬಾಂಧವರು ಖರೀದಿಗೆ ಹೋಗುವಾಗ ನಾಲ್ಕು ಸಾಲುಗಳ ಒಂದು ಚೀಟಿ ಕಿಸೆಯಲ್ಲಿರಲಿ: ಯು ಶ್ರೇಣಿಯ ಅಥವಾ ಅದಕ್ಕೂ ಕಡಿಮೆ ವ್ಯಾಟಿನ ಪ್ರೊಸೆಸರ್, ಪ್ರತ್ಯೇಕ ಗ್ರಾಫಿಕ್ಸ್ ಇಲ್ಲದ, 8 ಜಿಬಿಗೆ ಕಡಿಮೆಯಿಲ್ಲದ ಮೆಮೊರಿ ಹಾಗೂ ಎಸ್‌ಎಸ್‌ಡಿ ಇರುವ ಯಂತ್ರ, 65 ವ್ಯಾಟ್ ಮೀರದ ಅಡಾಪ್ಟರ್, ನಮ್ಮ ಊರಿಗೆ ಅನ್ವಯಿಸುವ ವಾರಂಟಿ ಮತ್ತು ಜಿಎಸ್‌ಟಿ ಸಂಖ್ಯೆಯಿರುವ ಬಿಲ್ಲು. ಈ ನಾಲ್ಕಕ್ಕೆ ಒಪ್ಪುವ ಯಂತ್ರ ಮಧ್ಯಮ ಬೆಲೆಯಲ್ಲಿಯೇ ದೊರೆಯುತ್ತದೆ. ಮಳೆಯ ರಾತ್ರಿ ವಿದ್ಯುತ್ ಹೋದಾಗಲೂ ಅದು ರಿಟರ್ನ್ ಮುಗಿಯುವವರೆಗೆ ನಡೆಯುತ್ತದೆ, ಪಕ್ಕದಲ್ಲಿ ಮಲಗಿದವರ ನಿದ್ದೆಯನ್ನೂ ಕೆಡಿಸುವುದಿಲ್ಲ.